ಹೆಡ್ ಒಂದು ಮನೆಗೆ, ಸ್ಟ್ಯಾಂಡ್ ಇನ್ನೊಂದು ಮನೆಗೆ

ಪೀಠೋಪಕರಣದ ಅಂಗಡಿಯೊಂದರಲ್ಲಿ ಕಿವಿಗೆ ಬಿದ್ದ ಮಾತು ಈ ವಾರವಿಡೀ ಬೆನ್ನು ಬಿಟ್ಟಿಲ್ಲ. ಹಳೆಯ ಹೊಲಿಗೆ ಮಿಷನ್‌ಗಳನ್ನು ಕೂಡಿಹಾಕಿರುವ ದಂಪತಿ ಅವನ್ನಿಡಲು ಶೆಲ್ಫ್ ಹುಡುಕುತ್ತಿದ್ದರು. “ತಡೆಯುತ್ತೇನಪ್ಪಾ ಇದು?” ಎಂದು ಆಕೆ ಕೇಳಿದರು. ಅಂಗಡಿಯ ಹುಡುಗ ಹಲಗೆಯನ್ನೊಮ್ಮೆ ಬಡಿದು, “ಒಂದೊಂದು ಹಲಗೆ ಎಂಬತ್ತು ಕೆಜಿ ತಡಿಯುತ್ತೆ ಮೇಡಂ, ಚೀಟೀಲೇ ಬರೆದಿದೆ ನೋಡಿ” ಎಂದ.

ಬರೆದಿತ್ತು, ನಿಜ. ಆದರೆ ಎರಡು ಆಧಾರಗಳ ನಡುವೆ ಎಷ್ಟು ಅಡಿ ಇದ್ದಾಗ ಎಂಬತ್ತು? ಹಲಗೆಯ ಉದ್ದಕ್ಕೂ ಸಮನಾಗಿ ಹರಡಿದ ಎಂಬತ್ತೋ, ನಡುಮಧ್ಯೆ ಕೂತ ಎಂಬತ್ತೋ? ಎಷ್ಟು ವರ್ಷ ಹೊತ್ತ ಮೇಲೂ ಎಂಬತ್ತು? ಇವನ್ನು ಹೇಳದ ತೂಕದ ಅಂಕಿ, ಮಾತ್ರೆಯ ಹೆಸರು ಬರೆದು ದಿನಕ್ಕೆಷ್ಟು ಎಂಬುದನ್ನು ಬಿಟ್ಟ ಔಷಧಿ ಚೀಟಿಯಂತೆ. ಕೊಳ್ಳುವವರಿಗೆ ಧೈರ್ಯ ಕೊಡುತ್ತದೆ, ತಿಳಿವಳಿಕೆ ಕೊಡುವುದಿಲ್ಲ.

ಸಿಂಗರ್ 15, ಅದೇ ಮೈಕಟ್ಟಿನ ಹಳೆಯ ಉಷಾ ಇವೆಲ್ಲ ಬೀಡುಕಬ್ಬಿಣದವು. ಸ್ಟ್ಯಾಂಡ್ ಬಿಟ್ಟು ಮೇಲಿನ ಮಿಷನ್, ಅಂದರೆ ಹೆಡ್ ಒಂದೇ ಸುಮಾರು 13ರಿಂದ 15 ಕಿಲೊ ತೂಗುತ್ತದೆ. 1933ರಲ್ಲಿ ಬಂದ ಅಲ್ಯೂಮಿನಿಯಂ ಮೈಯ ಸಿಂಗರ್ ಫೆದರ್‌ವೇಟ್ ಮಾತ್ರ 5 ಕಿಲೊ. ಅದನ್ನು ಎತ್ತಿ ನೋಡಿ ಉಳಿದವನ್ನು ಅಂದಾಜು ಮಾಡಬಾರದು. ದೊಡ್ಡ ಮಿಷನ್‌ನ ಬೆಡ್, ಅಂದರೆ ತಳ, ಹದಿನಾಲ್ಕೂವರೆ ಅಂಗುಲ ಉದ್ದ, ಏಳಂಗುಲ ಅಗಲ. ಅದರ ಕೆಳಗೆ ಶಾಫ್ಟು, ಲಿವರುಗಳು, ಶಟಲ್ಲು ಇಳಿಬಿದ್ದಿರುತ್ತವೆ. ಬರಿ ಹೆಡ್ಡನ್ನು ಹಲಗೆಯ ಮೇಲೆ ಕುಕ್ಕಿದರೆ ಇಡೀ ಭಾರ ಆ ನಾಜೂಕು ಭಾಗಗಳ ಮೇಲೆ ಕೂರುತ್ತದೆ. ಮರದ ಚೌಕಟ್ಟು ಬೇಕೇ ಬೇಕು. ಚೌಕಟ್ಟು ಹಾಕಿದರೆ ಭಾರ ಹಲಗೆಗೆ ಇಳಿಯುವುದು ಅದರ ಅಂಚುಗಳ ಮೂಲಕ. ಸಮನಾಗಿ ಹರಡಿದ ಭಾರದ ಲೆಕ್ಕ ಇಲ್ಲಿಗೆ ಮುಗಿಯಿತು.

ಹಲಗೆಯೊಂದು ಎಷ್ಟು ಭಾರ ತಾಳುತ್ತದೆ ಎಂಬ ಪ್ರಶ್ನೆ ಗೆಲಿಲಿಯೊನನ್ನೂ ಕಾಡಿತ್ತು. ಗೃಹಬಂಧನದಲ್ಲಿದ್ದ ಮುದುಕನ ಕೊನೆಯ ದೊಡ್ಡ ಪುಸ್ತಕ ‘ಎರಡು ಹೊಸ ವಿಜ್ಞಾನಗಳು’ 1638ರಲ್ಲಿ ಲೈಡನ್‌ನಲ್ಲಿ ಅಚ್ಚಾಯಿತು. ಗೋಡೆಯಿಂದ ಹೊರಚಾಚಿದ ತೊಲೆ, ಅದರ ತುದಿಗೆ ತೂಗುಬಿದ್ದ ಭಾರ: ಅದರಲ್ಲಿನ ಹೆಸರಾಂತ ಚಿತ್ರ ಇದು. ಒಂದೇ ಪಟ್ಟಿ ಮಲಗಿಸಿದಾಗ ಸುಲಭವಾಗಿ ಮುರಿಯುವುದು, ಅಂಚಿನ ಮೇಲೆ ನಿಲ್ಲಿಸಿದಾಗ ಹೆಚ್ಚು ಭಾರ ತಾಳುವುದೇಕೆ ಎಂದು ಆತ ಕೇಳಿದ. ಬಲ ಹೆಚ್ಚುವುದು ಪಟ್ಟಿ ನಿಂತ ಎತ್ತರದ ವರ್ಗಕ್ಕೆ ತಕ್ಕಂತೆ ಎಂಬ ಅವನ ಉತ್ತರ ಇವತ್ತಿಗೂ ಸರಿ. ಆದರೆ ಮರದ ಎಳೆಗಳೆಲ್ಲ ಒಂದೇ ಸಮ ಎಳೆತಕ್ಕೆ ಸಿಗುತ್ತವೆ ಎಂದು ಆತ ಭಾವಿಸಿದ್ದರಿಂದ ಬಲದ ಮೊತ್ತ ನಿಜಕ್ಕಿಂತ ಮೂರು ಪಟ್ಟು ಬಂತು. ಮೇಲಿನ ಎಳೆ ಹಿಗ್ಗುವಾಗ ಕೆಳಗಿನದು ಕುಗ್ಗುತ್ತದೆ. ಅದನ್ನು ಲೆಕ್ಕಕ್ಕೆ ತಂದು ಸರಿಪಡಿಸಿದವರು 1713ರಲ್ಲಿ ಪಾರಾಂ, 1773ರಲ್ಲಿ ಕುಲಾಂ. ಪಟ್ಟಿಯೊಂದರ ಬಾಗನ್ನು ಅರಿಯಲು ಯುರೋಪಿಗೆ ಒಂದು ಶತಮಾನಕ್ಕೂ ಹೆಚ್ಚು ಹಿಡಿಯಿತು ಎಂಬುದನ್ನು ನೆನೆದರೆ ನನಗೆ ಈಗಲೂ ರೋಮಾಂಚನವಾಗುತ್ತದೆ.

ಗೆಲಿಲಿಯೊ ಕೇಳಿದ್ದು ಯಾವಾಗ ಮುರಿಯುತ್ತದೆ ಎಂದು. ಶೆಲ್ಫಿಗೆ ಕೇಳಬೇಕಾದದ್ದು ಎಷ್ಟು ಜಗ್ಗುತ್ತದೆ ಎಂದು. ಅಲ್ಲಿ ನಿಯಮ ಇನ್ನೂ ಕಟು. ನಡುವೆ ಅದೇ ಭಾರವಿಟ್ಟು ಆಧಾರಗಳ ಅಂತರವನ್ನು ನಾಲ್ಕಡಿಯಿಂದ ಎರಡಡಿಗೆ ಇಳಿಸಿದರೆ ಜಗ್ಗುವುದು ಎಂಟರಲ್ಲೊಂದು ಪಾಲು ಮಾತ್ರ. ಹನ್ನೆರಡಂಗುಲ ಅಗಲ, ಮುಕ್ಕಾಲಂಗುಲ ದಪ್ಪದ ಹಲಗೆ ತೆಗೆದುಕೊಳ್ಳಿ. ಅದೇ ಮರದ, ಮುಕ್ಕಾಲಂಗುಲ ದಪ್ಪದ ಪಟ್ಟಿಯೊಂದನ್ನು ಎರಡಂಗುಲ ಎತ್ತರಕ್ಕೆ ನಿಲ್ಲಿಸಿದರೆ, ಆ ಪಟ್ಟಿಯೊಂದೇ ಇಡೀ ಹಲಗೆಗಿಂತ ಬಿಗಿ. ಹಲಗೆಯ ಹಿಂದೆ ಮುಂದೆ ಇಂಥ ಪಟ್ಟಿ ಬಡಿಯಲು ಬಡಗಿಗೆ ಅರ್ಧ ದಿನವೂ ಬೇಡ. ಗೋದಾಮುಗಳ ಆಂಗಲ್ ರ್‍ಯಾಕಿನ ಗುಟ್ಟೂ ಇದೇ: ತೂತು ಕೊರೆದ ಉಕ್ಕಿನ ಪಟ್ಟಿಯ ಒಂದು ಮಗ್ಗುಲು ಸದಾ ನಿಂತೇ ಇರುತ್ತದೆ. ಅದನ್ನು 1947ರಲ್ಲಿ ಡೆಕ್ಸಿಯಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಡಿಮಿಟ್ರಿಯಸ್ ಕೊಮಿನೊ ಲಂಡನ್ನಿನಲ್ಲಿ ಮುದ್ರಣಾಲಯ ನಡೆಸುತ್ತಿದ್ದವನು. ನಮ್ಮ ಹಳೆಯ ಮನೆಗಳ ನಾಗಂದಿಗೆಯ ಕೆಳಗೆ ಗೋಡೆಯಿಂದ ಚಾಚಿದ ಮರದ ಕೈಗಳಂತೂ ಗೆಲಿಲಿಯೊನ ಚಿತ್ರವೇ. ಪಾರ್ಟಿಕಲ್ ಬೋರ್ಡಿನ ಹಲಗೆಯಾದರೋ ಮೊದಲ ದಿನ ನೆಟ್ಟಗಿದ್ದು, ಅದೇ ಭಾರದಡಿ ವರ್ಷ ವರ್ಷವೂ ಇಷ್ಟಿಷ್ಟೇ ಜಗ್ಗುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕುವಾಗ ನಿಜವಾದ ಪ್ರಶ್ನೆ ಬೇರೆಯೇ ಇದೆ ಅನ್ನಿಸಿತು. ಆ ದಂಪತಿಯ ಬಳಿ ಬರಿ ಹೆಡ್ಡುಗಳು ಉಳಿದದ್ದು ಏಕೆ? ಸ್ಟ್ಯಾಂಡುಗಳೆಲ್ಲಿ ಹೋದವು?

ಮಿಷನ್‌ಗೆ ಅದರದೇ ಆಸರೆ ಹುಟ್ಟಿನಿಂದಲೇ ಇತ್ತು. 1850ರ ದಶಕದ ಮೊದಲ ಸಿಂಗರ್‌ಗಳು ರವಾನೆಯಾಗುತ್ತಿದ್ದ ಮರದ ಪೆಟ್ಟಿಗೆಯೇ ಅವುಗಳ ಮೇಜಾಗುತ್ತಿತ್ತು. ಆಮೇಲೆ ಬಂದ ಬೀಡುಕಬ್ಬಿಣದ ಸ್ಟ್ಯಾಂಡಿನಲ್ಲಿ ಮೇಲೆ ಹೇಳಿದ ವಿದ್ಯೆಯೆಲ್ಲ ಅಡಗಿದೆ. ಅಂಚಿನ ಮೇಲೆ ನಿಂತ ಜಾಲರಿ ಕಾಲುಗಳು, ಅವನ್ನು ಬಿಗಿಯುವ ಅಡ್ಡಪಟ್ಟಿ, ಕಡಿಮೆ ಅಂತರ, ಹೆಡ್ ಇಳಿಯಲು ಹಲಗೆಯಲ್ಲಿ ಕೊರೆದ ಜಾಗ, ಎಣ್ಣೆ ಬಿಡುವಾಗ ಹೆಡ್ಡನ್ನು ಹಿಂದಕ್ಕೆ ಮಗುಚಲು ಎರಡು ಕೀಲು. ಸುಮ್ಮನೆ ಕೂತ ಭಾರವನ್ನಷ್ಟೇ ಅಲ್ಲ, ತುಳಿತದ ಅದುರನ್ನೂ ಅದು ದಶಕಗಟ್ಟಲೆ ತಡೆದಿದೆ. ಈಗ ಆ ಸ್ಟ್ಯಾಂಡಿನ ಮೇಲೆ ಗ್ರಾನೈಟೋ ಗಾಜೋ ಹಾಸಿ ಹೋಟೆಲಿನ ಟೇಬಲ್ ಮಾಡುತ್ತಾರೆ. ಹೆಡ್ ಗುಜರಿಗೆ ಬೀಳುತ್ತದೆ, ಇಲ್ಲವೇ ಹೀಗೆ ಶೆಲ್ಫ್ ಹುಡುಕಿಕೊಂಡು ಅಲೆಯುತ್ತದೆ. ಈ ಫ್ಯಾಷನ್ ನನಗೆ ಸಹಿಸಲಾಗದು.

ಶೆಲ್ಫ್ ಬೇಡವೆನ್ನುತ್ತಿಲ್ಲ. ಮರದ ತಳ, ಮರದ ಮುಚ್ಚಳ ಇರುವ ಕೈಮಿಷನ್‌ಗಳಿಗೆ ಅದೇ ತಕ್ಕ ಜಾಗ. ಆಗಲೇ ಸ್ಟ್ಯಾಂಡ್ ಕಳೆದುಕೊಂಡವಕ್ಕೆ ಬೇರೆ ದಾರಿಯೂ ಇಲ್ಲ. ಅಂಥವಕ್ಕೆ ಎರಡು, ಎರಡೂವರೆ ಅಡಿಗೊಂದು ಆಧಾರ ಕೊಡಿ. ರ್‍ಯಾಕನ್ನು ಗೋಡೆಗೆ ಬಿಗಿಯಿರಿ. ಭಾರದವು ಮೊಣಕಾಲಿಗೂ ಸೊಂಟಕ್ಕೂ ನಡುವೆ ಇರಲಿ. 15 ಕಿಲೊ ಕಬ್ಬಿಣವನ್ನು ತಲೆಯ ಮೇಲಿಂದ ಇಳಿಸುವ ಸಾಹಸ ಯಾರಿಗೂ ಬೇಡ. ಕರಾವಳಿಯವರು ಪ್ಲಾಸ್ಟಿಕ್ ಸುತ್ತಬೇಡಿ, ಒಳಗೆ ಸಿಕ್ಕ ತೇವ ಮಳೆಗಾಲ ಮುಗಿಯುವುದರೊಳಗೆ ತುಕ್ಕಾಗುತ್ತದೆ. ವರ್ಷಕ್ಕೆರಡು ಸಲವಾದರೂ ಕೆಳಗಿಳಿಸಿ ಎಣ್ಣೆ ಬಿಟ್ಟು ಚಕ್ರ ತಿರುಗಿಸಿ.

ಹೆಡ್ಡೂ ಸ್ಟ್ಯಾಂಡೂ ಜೊತೆಗೇ ಉಳಿದಿರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಒಳ್ಳೆಯ ಬೆಲೆ ಹೇಳಿ, ಸ್ಟ್ಯಾಂಡ್ ಮಾತ್ರ ಕೊಡಿ ಎನ್ನುವವರು ಅಲ್ಲಿಗೂ ಬರುತ್ತಾರೆ. ಕೊಡಬೇಡಿ. ಬೆಲ್ಟ್ ಹಾಕಿ ತುಳಿದರೆ ಇವತ್ತೂ ಹೊಲಿಯಬಲ್ಲ ವಸ್ತುವೊಂದನ್ನು ಎರಡು ಅಲಂಕಾರಗಳಾಗಿ ಒಡೆದರೆ ಆಗುವ ನಷ್ಟವನ್ನು ಎಷ್ಟು ಗಟ್ಟಿ ಶೆಲ್ಫೂ ತುಂಬಿಕೊಡಲಾರದು.