ಸಾಗರದ ನ್ಯಾಯ ಮತ್ತು ಬಲಾಢ್ಯರ ಇಬ್ಬಗೆ ನೀತಿ

ಹಿಂದೂ ಮಹಾಸಾಗರವನ್ನು ಶಾಂತಿವಲಯವೆಂದು ವಿಶ್ವಸಂಸ್ಥೆಯ ಮಹಾಸಭೆಯು 1971ರಲ್ಲಿ ಘೋಷಿಸಿತು. ಅದಕ್ಕಾಗಿ ಮುಂದಾಳತ್ವ ವಹಿಸಿದ್ದು ಶ್ರೀಲಂಕಾ. ಆದರೆ ಅದೇ ಕಾಲಘಟ್ಟದಲ್ಲಿ, ಅಂದರೆ 1968 ಮತ್ತು 1973ರ ನಡುವೆ, ಬ್ರಿಟನ್ ಚಾಗೋಸ್ ದ್ವೀಪವಾಸಿಗಳನ್ನು ಅವರ ನೆಲದಿಂದ ಹೊರದಬ್ಬಿ ಡಿಯಾಗೋ ಗಾರ್ಸಿಯಾವನ್ನು ಅಮೆರಿಕದ ಸೇನಾನೆಲೆಗಾಗಿ ತೆರವು ಮಾಡಿಕೊಟ್ಟಿತು. ಈ ದ್ವೀಪಗಳ ಆಡಳಿತವನ್ನು ಬ್ರಿಟನ್ ಕೊನೆಗೊಳಿಸಬೇಕೆಂದು ಅಂತಾರಾಷ್ಟ್ರೀಯ ನ್ಯಾಯಾಲಯವು ಅಭಿಪ್ರಾಯಪಟ್ಟದ್ದು 2019ರಲ್ಲಿ. ಮನೆಮಠ ಕಳಕೊಂಡವರು ಅರ್ಧ ಶತಮಾನ ಕಾಯಬೇಕಾಯಿತು.

ಇಂದು 'ನಿಯಮಾಧಾರಿತ ಸಾಗರ ವ್ಯವಸ್ಥೆ'ಯ ಕುರಿತು ಜಗತ್ತಿಗೆ ಉಪದೇಶಿಸುತ್ತಿರುವವರು ಯಾರು? 1982ರ ಸಮುದ್ರ ಕಾನೂನು ಒಪ್ಪಂದವನ್ನು ಅಮೆರಿಕ ಈವರೆಗೂ ಅನುಮೋದಿಸಿಲ್ಲ. ಅನುಮೋದಿಸಿರುವ ಚೀನಾ, ದಕ್ಷಿಣ ಚೀನಾ ಸಮುದ್ರದ ವಿವಾದದಲ್ಲಿ ಫಿಲಿಪ್ಪೀನ್ಸ್ ಪರವಾಗಿ 2016ರಲ್ಲಿ ಬಂದ ತೀರ್ಪನ್ನು ತಿರಸ್ಕರಿಸಿತು. ಒಬ್ಬನು ಕಾನೂನಿಗೆ ಸಹಿ ಹಾಕದೆ ಪೊಲೀಸನಾಗಲು ಬಯಸುತ್ತಾನೆ. ಇನ್ನೊಬ್ಬನು ಸಹಿ ಹಾಕಿಯೂ ಕಾನೂನನ್ನು ತುಳಿಯುತ್ತಾನೆ. ಇವರಿಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳಿರಿ ಎಂಬ ಒತ್ತಾಯವನ್ನೇ ನಾವು ಪ್ರಶ್ನಿಸಬೇಕಾಗಿದೆ.

ಅನ್ಯ ದಾರಿಯಿಲ್ಲವೆಂಬುದು ಸುಳ್ಳು. ಬಂಗಾಳ ಕೊಲ್ಲಿಯಲ್ಲಿ ಭಾರತ ಮತ್ತು ಬಾಂಗ್ಲಾದೇಶಗಳ ನಡುವಣ ಗಡಿವಿವಾದವು ನ್ಯಾಯಮಂಡಳಿಯ ಮುಂದೆ ಹೋಯಿತು. 2014ರ ತೀರ್ಪಿನಲ್ಲಿ ಸುಮಾರು 25,600 ಚದರ ಕಿಲೋಮೀಟರ್ ವಿವಾದಿತ ಪ್ರದೇಶದ ಪೈಕಿ ಸುಮಾರು 19,500 ಚದರ ಕಿಲೋಮೀಟರ್ ಬಾಂಗ್ಲಾದೇಶದ ಪಾಲಾಯಿತು. ಬಲದಲ್ಲಿ ಹಿರಿದಾದ ಭಾರತವು ಅದನ್ನು ಒಪ್ಪಿಕೊಂಡಿತು. ಇದರಿಂದ ಭಾರತದ ಗೌರವ ಕುಗ್ಗಲಿಲ್ಲ, ಹೆಚ್ಚಿತು.

ಹೀಗಿರುವಾಗ, 1997ರಲ್ಲಿ ಸ್ಥಾಪನೆಯಾದ ಹಿಂದೂ ಮಹಾಸಾಗರ ತೀರರಾಷ್ಟ್ರಗಳ ಸಂಘಟನೆಯು ವಿವಾದಾಸ್ಪದ ದ್ವಿಪಕ್ಷೀಯ ವಿಷಯಗಳನ್ನು ಚರ್ಚೆಯಿಂದಲೇ ಹೊರಗಿಟ್ಟಿರುವುದು ವಿಪರ್ಯಾಸ. ರೋಗದ ಹೆಸರೆತ್ತಬಾರದೆಂಬ ಷರತ್ತಿನ ಮೇಲೆ ಯಾವ ವೈದ್ಯನು ಚಿಕಿತ್ಸೆ ನೀಡಬಲ್ಲನು?

ಮುಸ್ಲಿಮ್ ರಾಷ್ಟ್ರಗಳು ಕೂಡ ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಬಹ್ರೈನ್ ಅಮೆರಿಕದ ನೌಕಾಪಡೆಗೆ ನೆಲೆ ಒದಗಿಸಿತು. ಜಿಬೂಟಿಯಂತೂ ಅಮೆರಿಕದ ನೆಲೆಯಿರುವಾಗಲೇ 2017ರಲ್ಲಿ ಚೀನಾಕ್ಕೂ ಜಾಗ ಕೊಟ್ಟಿತು. ಸಾಮ್ರಾಜ್ಯಶಾಹಿಯನ್ನು ವೇದಿಕೆಯಲ್ಲಿ ಖಂಡಿಸಿ ಬಂದರಿನಲ್ಲಿ ಸ್ವಾಗತಿಸುವುದು ಯಾವ ನ್ಯಾಯ?

ಕಡಲನ್ನು ಮನುಷ್ಯಕುಲಕ್ಕೆ ಅಧೀನಗೊಳಿಸಿದ್ದು ಅಲ್ಲಾಹನ ಅನುಗ್ರಹವೆಂದು ಪವಿತ್ರ ಕುರ್‌ಆನ್ ನೆನಪಿಸುತ್ತದೆ. ಅದು ಯಾವುದೇ ನೌಕಾಪಡೆಗೆ ನೀಡಿದ ಜಹಗೀರಲ್ಲ. ತೀರರಾಷ್ಟ್ರಗಳು ತಮ್ಮ ವಿವಾದಗಳನ್ನು ತಾವೇ ಎತ್ತಿಕೊಂಡು, ನ್ಯಾಯಮಂಡಳಿಯ ತೀರ್ಪಿಗೆ ತಲೆಬಾಗುವ ಧೈರ್ಯ ತೋರಲಿ. 2014ರಲ್ಲಿ ಮಾದರಿಯಾದ ಭಾರತವೇ ಇದಕ್ಕೆ ಮುಂದಾಗಲಿ. ಇಲ್ಲವಾದರೆ ಕಡಲು ನಮ್ಮದು, ಕಾವಲು ಪರರದು ಎಂಬ ಸ್ಥಿತಿ ಶಾಶ್ವತವಾದೀತು.