ಎಷ್ಟ ಇಳಿಸಿದಿ ಬಿಡ್ರಿ, ಏನ ಉಂಡಿ ಕೇಳ್ರಿ

ತೂಕ ಇಳಿಸಿಕೊಂಡವರನ್ನು ಕಂಡರೆ ನಮ್ಮಲ್ಲಿ ಎಲ್ಲರ ಬಾಯಿಗೂ ಬರುವುದು ಒಂದೇ ಪ್ರಶ್ನೆ: ‘ಎಷ್ಟು ಕೆ.ಜಿ. ಇಳಿಸಿದಿ?’ ಇಳಿದಷ್ಟೂ ಶಹಬ್ಬಾಸ್‌ಗಿರಿ. ಆದರೆ, ‘ಇವತ್ತು ಏನು ಉಂಡಿ? ಸಾಕಾಗುವಷ್ಟು ಉಂಡಿಯಾ?’ ಎಂದು ಕೇಳುವವರು ಕಡಿಮೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಆಮೇಲೆ ಜಿಮ್‌ನಲ್ಲಿ ಭಾರ ಎತ್ತುವವರಿಗೆ ಮುಖ್ಯವಾದದ್ದು ಈ ಎರಡನೇ ಪ್ರಶ್ನೆ.

ನಾನು ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್ ಓದುತ್ತಿರುವ ಹುಡುಗಿ. ಒಂದೂವರೆ ವರ್ಷದ ಹಿಂದೆ ನನ್ನ ತೂಕ 116 ಕೆ.ಜಿ. ಇತ್ತು. ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತು, ಎರಡು ಮಹಡಿ ಹತ್ತಿದರೆ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ವೈದ್ಯರ ಸಲಹೆಯಂತೆ ‘ಸ್ಲೀವ್ ಗ್ಯಾಸ್ಟ್ರೆಕ್ಟಮಿ’ ಮಾಡಿಸಿಕೊಂಡೆ. ಇದರಲ್ಲಿ ಜಠರದ ಮುಕ್ಕಾಲು ಭಾಗದಷ್ಟನ್ನು ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಾಕಾರದ ಕೊಳವೆಯಂತೆ ಮಾಡುತ್ತಾರೆ. ಹಸಿವು ಹುಟ್ಟಿಸುವ ‘ಗ್ರೆಲಿನ್’ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಆ ಭಾಗದಲ್ಲೇ. ಹಾಗಾಗಿ ಹೊಟ್ಟೆಯೂ ಚಿಕ್ಕದಾಗುತ್ತದೆ, ಹಸಿವೂ ತಗ್ಗುತ್ತದೆ. ಈಗ ನನ್ನ ತೂಕ 78 ಕೆ.ಜಿ.

ತೂಕದ ಯಂತ್ರ ಹೇಳದ ಸಂಗತಿಯೊಂದಿದೆ. ವೇಗವಾಗಿ ತೂಕ ಇಳಿಯುವಾಗ ಕೊಬ್ಬು ಮಾತ್ರ ಕರಗುವುದಿಲ್ಲ, ಸ್ನಾಯುವೂ ಹೋಗುತ್ತದೆ. ಯಂತ್ರಕ್ಕೆ ಎರಡೂ ಒಂದೇ, ದೇಹಕ್ಕೆ ಒಂದೇ ಅಲ್ಲ. ಕಟ್ಟಡದ ಭಾರ ಇಳಿಸಬೇಕೆಂದು ಕಂಬದೊಳಗಿನ ಕಬ್ಬಿಣದ ಸರಳು ಕಿತ್ತರೆ ಏನಾಗುತ್ತದೆ ಎಂದು ನಮ್ಮ ತರಗತಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸ್ನಾಯು ಉಳಿಸಿಕೊಳ್ಳಲು ಬೇಕಾದದ್ದು ಎರಡು: ಭಾರ ಎತ್ತುವ ವ್ಯಾಯಾಮ ಮತ್ತು ಸಾಕಷ್ಟು ಪ್ರೋಟೀನ್. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಫಲ ಅರ್ಧಂಬರ್ಧ.

ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ, ಆಪರೇಷನ್ ಆಗಿ ಆರು ತಿಂಗಳಿಗೆ ಜಿಮ್ ಸೇರಿದೆ. ಖಾಲಿ ರಾಡ್‌ನಿಂದ ಶುರು ಮಾಡಿ ಈಗ 60 ಕೆ.ಜಿ. ಡೆಡ್‌ಲಿಫ್ಟ್ ಎತ್ತುತ್ತೇನೆ. ಎತ್ತುವುದು ಅಷ್ಟು ಕಷ್ಟವಲ್ಲ. ಅದಕ್ಕೆ ಬೇಕಾದಷ್ಟು ಉಣ್ಣುವುದೇ ಕಷ್ಟ. ಇಂಥ ಆಪರೇಷನ್ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆಂದು ಹೇಳುತ್ತಾರೆ. ಭಾರ ಎತ್ತುವವರಿಗೆ ಇನ್ನಷ್ಟು. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಒಂದೇ ಸಲ ತಟ್ಟೆ ತುಂಬ ಉಣ್ಣಲು ಜಾಗವಿಲ್ಲ. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ಕಾಯಬೇಕು. ಅವಸರದಲ್ಲಿ ನುಂಗಿದರೆ ವಾಂತಿ. ಹಸಿವಾದಾಗ ಉಣ್ಣೋಣ ಎಂದರೆ ಎಷ್ಟೋ ದಿನ ಹಸಿವೇ ಆಗುವುದಿಲ್ಲ. ಹೀಗಾಗಿ ಗಡಿಯಾರ ನೋಡಿ ಉಣ್ಣಬೇಕು.

ನನ್ನ ಒಂದು ದಿನದ ಲೆಕ್ಕ ಇಲ್ಲಿದೆ. ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ, 12 ಗ್ರಾಂ. ಕಾಲೇಜಿಗೆ ಹೊರಡುವ ಮುನ್ನ ಒಂದು ಲೋಟ ಹಾಲು, 6. ಹನ್ನೊಂದರ ಬಿಡುವಿನಲ್ಲಿ ಒಂದು ಹಿಡಿ ಪುಟಾಣಿ, ಇನ್ನೊಂದು 6. ಮಧ್ಯಾಹ್ನ ಮೊದಲು ಹೆಸರುಕಾಳಿನ ಪಲ್ಯ ಮತ್ತು ಗಟ್ಟಿ ಮೊಸರು, ಎರಡೂ ಸೇರಿ 10. ಜಾಗ ಉಳಿದರೆ ಕಾಲು ರೊಟ್ಟಿ. ಜಿಮ್‌ಗೆ ಮುನ್ನ ಅರ್ಧ ಬಾಳೆಹಣ್ಣು, ಯಾಕೆಂದರೆ ಎತ್ತಲು ಶಕ್ತಿಯೂ ಬೇಕು. ಜಿಮ್ ಮುಗಿದ ಮೇಲೆ ಒಂದು ಸ್ಕೂಪ್ ಪ್ರೋಟೀನ್ ಪುಡಿ, 24. ರಾತ್ರಿ 50 ಗ್ರಾಂ ಪನೀರ್, 9. ಒಟ್ಟು 67. ಪುಡಿ ದುಬಾರಿ ಎನ್ನುವವರಿಗೆ ಸೋಯಾ ಚಂಕ್ಸ್ ಇದೆ: ಒಣಗಿದ್ದು 25 ಗ್ರಾಂ ಬೇಯಿಸಿದರೆ ಸುಮಾರು 13 ಗ್ರಾಂ ಪ್ರೋಟೀನ್. ಇದರ ಜೊತೆಗೆ ಬಿ12, ಕಬ್ಬಿಣಾಂಶ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಜೀವನಪೂರ್ತಿ. ಇದು ನನಗಾಗಿ ಡಯೆಟಿಷಿಯನ್ ಹಾಕಿಕೊಟ್ಟ ಲೆಕ್ಕ. ನಿಮ್ಮದನ್ನು ನಿಮ್ಮ ವೈದ್ಯರನ್ನು ಕೇಳಿಯೇ ಹಾಕಿಕೊಳ್ಳಿ.

ಲೆಕ್ಕ ಕಾಗದದ ಮೇಲೆ ಸಲೀಸು. ಅದನ್ನು ಕೆಡಿಸುವುದು ಸುತ್ತಲಿನ ಮಾತು. ಕಡಿಮೆ ಉಣ್ಣುವುದೆಂದರೆ ನಮ್ಮಲ್ಲಿ ಗೌರವ, ಅದರಲ್ಲೂ ಹುಡುಗಿಯರಿಗೆ. ಊರಿಗೆ ಹೋದಾಗ ದಿನಕ್ಕೆ ಆರು ಸಲ ಡಬ್ಬಿ ತೆಗೆಯುವುದನ್ನು ನೋಡಿ ಓಣಿಯ ಹೆಂಗಸರು, ‘ಮತ್ತ ತಿನ್ನಾಕತ್ತೀಯೇನವಾ? ಆಪರೇಷನ್ ಮಾಡ್ಸಿದ್ದು ನೀರಾಗ ಹೋತು’ ಎನ್ನುತ್ತಾರೆ. ಅವರೇ ಊಟದ ಹೊತ್ತಿಗೆ, ‘ಇಷ್ಟ ಉಂಡ್ರ ಹೆಂಗ? ಇನ್ನೊಂದು ಹೋಳಗಿ ಹಾಕ್ಕೋ’ ಎಂದು ಒತ್ತಾಯಿಸುತ್ತಾರೆ. ಸಿಹಿ ಹೆಚ್ಚಾದರೆ ನನ್ನಂಥವರಿಗೆ ತಲೆಸುತ್ತು, ಬೆವರು, ಹೊಟ್ಟೆ ತೊಳಸು ಶುರುವಾಗಬಹುದು ಎಂದರೆ ನಂಬುವುದಿಲ್ಲ. ಶ್ರಾವಣ ಬಂದರೆ ಒಪ್ಪತ್ತು ಮಾಡು ಎಂಬ ಸಲಹೆ. ಜಿಮ್‌ನಲ್ಲಿ ಇನ್ನೊಂದು ಬಗೆ: ‘ತೂಕ ನಿಂತುಬಿಟ್ಟಿದೆ, ರಾತ್ರಿ ಊಟ ಬಿಡಿ’. ಒಬ್ಬರಿಗೆ ನಾನು ಹೆಚ್ಚು ತಿನ್ನುತ್ತೇನೆ, ಇನ್ನೊಬ್ಬರಿಗೆ ಕಡಿಮೆ. ನನ್ನ ದೇಹಕ್ಕೆ ಎಷ್ಟು ಬೇಕೆಂದು ಕೇಳುವವರು ಮಾತ್ರ ಇಲ್ಲ.

ಅವರ ಮಾತಿನಲ್ಲಿ ಒಂದು ನಿಜವಿದೆ, ಅದನ್ನು ತಳ್ಳಿಹಾಕುವುದಿಲ್ಲ. ಇಳಿದ ತೂಕ ಮರಳಿ ಬರಬಹುದು. ಆ ಭಯ ನನಗೂ ಇದೆ. ಯಂತ್ರದಲ್ಲಿ ಅರ್ಧ ಕೆ.ಜಿ. ಏರಿದರೂ ಎದೆ ಝಲ್ ಎನ್ನುತ್ತದೆ. ಆದರೆ ಬಿಸ್ಕತ್ತು, ಜ್ಯೂಸು, ಚಿಪ್ಸು ಹೊಟ್ಟೆಗೆ ಸಲೀಸಾಗಿ ಇಳಿಯುತ್ತವೆ, ಎಷ್ಟು ತಿಂದರೂ ಗೊತ್ತಾಗುವುದಿಲ್ಲ. ಮೊಟ್ಟೆ, ಕಾಳು, ಪನೀರ್ ಹಾಗಲ್ಲ, ಬೇಗ ಹೊಟ್ಟೆ ತುಂಬಿಸುತ್ತವೆ. ಹೆಚ್ಚು ಉಣ್ಣುವುದಕ್ಕೂ ಸಾಕಷ್ಟು ಉಣ್ಣುವುದಕ್ಕೂ ಇರುವ ವ್ಯತ್ಯಾಸ ಇದೇ. ಭಯಕ್ಕೆ ಉಪವಾಸ ಔಷಧವಲ್ಲ. ಪರೀಕ್ಷೆಯ ವಾರಗಳಲ್ಲಿ ಊಟದ ಹೊತ್ತು ತಪ್ಪಿದಾಗಲೆಲ್ಲ, ಹಿಂದಿನ ವಾರ ಎತ್ತಿದ ರಾಡ್ ನೆಲ ಬಿಟ್ಟು ಏಳುವುದಿಲ್ಲ. ನನ್ನ ಮಟ್ಟಿಗೆ ತೂಕದ ಯಂತ್ರಕ್ಕಿಂತ ಆ ರಾಡ್ ಹೆಚ್ಚು ನಿಜ ಹೇಳುತ್ತದೆ.

ಮಾತಿಗಿಂತ ದೊಡ್ಡ ಅಡ್ಡಿ ವ್ಯವಸ್ಥೆಯದ್ದು. ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ಮೂರು ಹೊತ್ತು, ನಿಗದಿತ ಸಮಯಕ್ಕೆ ಮಾತ್ರ ಊಟ. ಕೋಣೆಗೆ ಒಯ್ಯುವಂತಿಲ್ಲ. ತಟ್ಟೆಯ ತುಂಬ ಅನ್ನ, ತೆಳ್ಳನೆಯ ಸಾರು. ಮೊಟ್ಟೆ ವಾರಕ್ಕೆ ಎರಡು ದಿನ. ನನ್ನಂಥವರಿಗಷ್ಟೇ ಅಲ್ಲ, ಮಧುಮೇಹ ಇರುವವರಿಗೆ, ರಕ್ತಹೀನತೆ ಇರುವ ಹುಡುಗಿಯರಿಗೆ, ಕಬಡ್ಡಿ ಆಡುವವರಿಗೆ, ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆ ಬೆಳಿಗ್ಗೆ ಓಡುವವರಿಗೂ ಇದೇ ತೊಂದರೆ. ನಾನು ಕೇಳುವುದು ದೊಡ್ಡದೇನಲ್ಲ. ಬೇಯಿಸಿದ ಮೊಟ್ಟೆ, ಮೊಸರು, ಮೊಳಕೆ ಕಾಳು ದಿನವೂ ಬೇರೆ ದುಡ್ಡಿಗೆ ಸಿಗಲಿ. ವೈದ್ಯರ ಚೀಟಿ ತೋರಿಸಿದವರಿಗೆ ಡಬ್ಬಿ ಒಯ್ಯಲು ಬಿಡಲಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ದೊಡ್ಡ ಖರ್ಚೂ ಇಲ್ಲ.

ಗೆಳೆಯರಲ್ಲೂ ಒಂದು ಮಾತು. ನಿಮ್ಮ ತರಗತಿಯಲ್ಲಿ ಯಾರಾದರೂ ಪಾಠದ ನಡುವಿನ ಬಿಡುವಿನಲ್ಲಿ ಡಬ್ಬಿ ತೆಗೆದು ನಿಧಾನವಾಗಿ ಅಗಿಯುತ್ತಿದ್ದರೆ ನಗಬೇಡಿ. ‘ಎಷ್ಟು ಸಣ್ಣ ಆಗೀದಿ’ ಎಂದು ಹೊಗಳಲೂ ಬೇಡಿ. ‘ಈ ವಾರ ಎಷ್ಟು ಎತ್ತಿದಿ?’ ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಅವರು ಹೊತ್ತಿಗೆ ಸರಿಯಾಗಿ ಉಂಡಿರಲೇಬೇಕು.