ಹಲಾಲ್ ಎಂಬ ಹಣೆಪಟ್ಟಿ ಮತ್ತು ಕೇಳದೆ ಉಳಿದ ಪ್ರಶ್ನೆ

2019ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಬಾಗಿಲು ಮುಚ್ಚಿತು. ಮುಖ್ಯಸ್ಥ ಮನ್ಸೂರ್ ಖಾನ್ ದುಬೈಗೆ ಪರಾರಿಯಾಗಿ, ಜುಲೈ 19ರಂದು ದೆಹಲಿಯಲ್ಲಿ ಬಂಧನಕ್ಕೊಳಗಾದರು. ಸುಮಾರು 4,000 ಕೋಟಿ ರೂಪಾಯಿ ಠೇವಣಿಯ ಈ ಪ್ರಕರಣದಲ್ಲಿ ಬೀದಿಗೆ ಬಿದ್ದವರಲ್ಲಿ ಬಹುಪಾಲು ಮುಸ್ಲಿಮರು. ಮಗಳ ಮದುವೆಗೆ, ಹಜ್ಜ್ ಯಾತ್ರೆಗೆ, ಮುಪ್ಪಿನ ಕಾಲಕ್ಕೆಂದು ಕೂಡಿಟ್ಟ ಹಣ ಅದು.

ಒಬ್ಬನ ವಂಚನೆಯೆಂದು ಷರಾ ಬರೆದು ಕಡತ ಮುಚ್ಚುವುದು ಸುಲಭ. ಆದರೆ ಆ ಒಬ್ಬನ ಕೈಗೆ ಇಷ್ಟೊಂದು ಹಣವನ್ನು ಒಪ್ಪಿಸಿದ್ದು ಯಾವುದು?

ಬಡ್ಡಿಯಿಂದ ದೂರವಿರಬೇಕೆಂಬ ವಿಶ್ವಾಸಿಗಳ ಹಂಬಲ ಪ್ರಾಮಾಣಿಕವಾದುದು. ಅದಕ್ಕೆ ಸರಿಯಾದ ಮಾರ್ಗ ಕಾಣದಿದ್ದಾಗ, ‘ಹಲಾಲ್ ಹೂಡಿಕೆ’ ಎಂಬ ಫಲಕ ಹೊತ್ತ ಬಾಗಿಲು ತೆರೆದುಕೊಂಡಿತು. ತಿಂಗಳಿಗೆ ಶೇ. 2.5ರಿಂದ 3ರಷ್ಟು ಲಾಭಾಂಶ ಬರತೊಡಗಿತು. ಶೇ. 3 ಎಂದರೆ ವರ್ಷಕ್ಕೆ ಶೇ. 36! ಯಾವ ಪ್ರಾಮಾಣಿಕ ವ್ಯಾಪಾರ ಇಷ್ಟು ಲಾಭವನ್ನು ವರ್ಷಗಟ್ಟಲೆ ತಪ್ಪದೆ ಕೊಡಬಲ್ಲದು? ತನಿಖೆಯ ಪ್ರಕಾರ, ಹೊಸಬರ ಠೇವಣಿಯೇ ಹಳಬರಿಗೆ ಲಾಭವಾಗಿ ಹಂಚಿಕೆಯಾಗುತ್ತಿತ್ತು. ಹೊಸ ಹಣ ನಿಂತ ದಿನ ಎಲ್ಲವೂ ನಿಂತಿತು.

ಇಸ್ಲಾಮ್ ಹೇಳುವ ಪಾಲುದಾರಿಕೆಯಲ್ಲಿ ಲಾಭದ ಜೊತೆ ನಷ್ಟದ ಹೊಣೆಯೂ ಇದೆ. ನಷ್ಟದ ಮಾತೇ ಇಲ್ಲದ ಲಾಭ, ಹೆಸರು ಬದಲಿಸಿದ ಬಡ್ಡಿಯಲ್ಲದೆ ಇನ್ನೇನು? ಠೇವಣಿದಾರರನ್ನು ಕಾಗದದ ಮೇಲೆ ‘ಪಾಲುದಾರ’ರನ್ನಾಗಿಸಿ ಕಾನೂನಿನ ಕಣ್ಣು ತಪ್ಪಿಸಲಾಯಿತು. ಎಚ್ಚರಿಸಬೇಕಾದ ಅಧಿಕಾರಿಗಳು ಎಚ್ಚರಿಸಲಿಲ್ಲ. ಕಂದಾಯ ಮತ್ತು ಪೊಲೀಸ್ ಅಧಿಕಾರಿಗಳ ಮೇಲೂ ಸಿಬಿಐ ಪ್ರಕರಣ ದಾಖಲಿಸಿತು.

ಇದು ನಮ್ಮೊಬ್ಬರ ದೌರ್ಬಲ್ಯವೇನಲ್ಲ. ಅಮೆರಿಕದಲ್ಲಿ ತೀರಿಸಲಾಗದವರಿಗೆ ಕೊಟ್ಟ ಗೃಹಸಾಲಗಳನ್ನು ಕಟ್ಟು ಕಟ್ಟಿ ಮಾರಿದಾಗ, ಅವುಗಳಿಗೆ ಅತ್ಯುತ್ತಮವೆಂಬ ಮುದ್ರೆ ಒತ್ತಿದ್ದು ಪ್ರತಿಷ್ಠಿತ ಮೌಲ್ಯಮಾಪನ ಸಂಸ್ಥೆಗಳು. 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ದಿವಾಳಿಯಾಯಿತು, ಜಗತ್ತೇ ನಡುಗಿತು. ಅಲ್ಲಿ ಮೌಲ್ಯಮಾಪನದ ಮುದ್ರೆ, ಇಲ್ಲಿ ಧರ್ಮದ ಮುದ್ರೆ. ಎರಡೂ ಕಡೆ ಮುದ್ರೆಯನ್ನು ಕಂಡವರು ಲೆಕ್ಕ ಕೇಳಲಿಲ್ಲ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಮ್ಮ ಕುಟುಂಬಗಳು ಇದನ್ನು ಬೆಂಗಳೂರಿನ ಸಂಗತಿಯೆಂದು ತಳ್ಳಿಹಾಕಬಾರದು. ಸಣ್ಣ ಊರಿನಲ್ಲಿ ಪರಿಚಯವೇ ಜಾಮೀನು. ಗುರುತಿನವರು ಕರೆದರೆಂದೇ ಹಣ ಕಟ್ಟುವವರಿದ್ದಾರೆ. ಇಂಥ ಯೋಜನೆಗಳಿಗೆ ಬೇಕಾಗಿರುವುದೂ ಆ ವಿಶ್ವಾಸವೇ. ಸಾಲದ ವ್ಯವಹಾರವನ್ನು ಬರೆದಿಡಲು, ಸಾಕ್ಷಿ ಇರಿಸಲು ಕುರ್‌ಆನ್ ಕಲಿಸಿದೆ. ಹಾಗಿರುವಾಗ ಲೆಕ್ಕ ಕೇಳುವುದು ಅವಿಶ್ವಾಸವಲ್ಲ, ಧರ್ಮಪಾಲನೆ.

ಹಣ ಕಟ್ಟುವ ಮುನ್ನ ಸಂಸ್ಥೆಗೆ ಠೇವಣಿ ಪಡೆಯುವ ಅನುಮತಿ ಇದೆಯೇ ಎಂದು ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ನೋಡಬಹುದು. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಜಮಾಅತ್‌ಗಳು ವರ್ಷಕ್ಕೊಮ್ಮೆಯಾದರೂ ಲೆಕ್ಕ ಪರಿಶೋಧಕರೊಬ್ಬರನ್ನು ಕರೆಸಿ ಜನರಿಗೆ ತಿಳಿವಳಿಕೆ ನೀಡಲಿ. ಲೆಕ್ಕವನ್ನು ಕಣ್ಣಾರೆ ನೋಡದ ಸಂಸ್ಥೆಯ ಪರವಾಗಿ ವಿದ್ವಾಂಸರು ಮಾತಾಡದಿರಲಿ. ‘ಈ ಲಾಭ ಎಲ್ಲಿಂದ ಬರುತ್ತದೆ?’ ಎಂಬ ಒಂದು ಪ್ರಶ್ನೆಗೆ ಉತ್ತರ ಸಿಗದಿದ್ದರೆ, ಫಲಕದ ಮೇಲೆ ಏನೇ ಬರೆದಿರಲಿ, ಆ ಬಾಗಿಲಿನಿಂದ ಹಿಂದಿರುಗುವುದೇ ಲೇಸು.